ಕೈಗೆ ಸಿಗದ ಗಂಟು

ತಮ್ಮ: ಮಾವನ ನಾಲಿಗೆಯ ವಿಷಯ ಅರ್ಥವಾಯಿತು ಅಕ್ಕ. ಎಡ ಅಂಚಿನಲ್ಲಿ ಹುಣ್ಣು, ಎರಡು ಸೆಂಟಿಮೀಟರ್ ಒಳಗೇ ಇದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಅಷ್ಟು ಭಾಗ ತೆಗೆಯುತ್ತಾರೆ, ಅದಕ್ಕೆ ಅವರೂ ಒಪ್ಪಿದ್ದಾರೆ. ಆದರೆ ಕುತ್ತಿಗೆಗೆ ಯಾಕೆ ಆಪರೇಷನ್? ಡಾಕ್ಟರು ಕುತ್ತಿಗೆಯನ್ನೆಲ್ಲ ಒತ್ತಿ ನೋಡಿ ಗಂಟು ಏನೂ ಇಲ್ಲ ಅಂದರು. ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ಇಲ್ಲ. ಅಷ್ಟಾದ ಮೇಲೆ ಅದೇ ಡಾಕ್ಟರು ಎಡಗಡೆಯ ಗ್ರಂಥಿಗಳನ್ನೂ ತೆಗೆಯಬೇಕು ಅನ್ನುತ್ತಾರೆ. ಮಾವ ಅಲ್ಲಿಗೇ ಹಟ ಹಿಡಿದಿದ್ದಾರೆ, ಇಲ್ಲದ್ದನ್ನು ತೆಗೆಯುವುದು ಯಾವ ನ್ಯಾಯ ಅಂತ. ನನಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಅಕ್ಕ: ಗಂಟಿಲ್ಲ ಅಂದದ್ದು ಕೈ. ರಿಪೋರ್ಟಿನಲ್ಲಿ ಇಲ್ಲ ಅಂತ ಬಂದದ್ದು ಅಲ್ಟ್ರಾಸೌಂಡಿನ ಕಣ್ಣಿಗೆ. ಎರಡೂ ಸುಳ್ಳು ಹೇಳಿಲ್ಲ. ತಮಗೆ ತಿಳಿಯುವಷ್ಟು ದೊಡ್ಡದು ಯಾವುದೂ ಇಲ್ಲ ಅಂತ ಹೇಳಿವೆ, ಅಷ್ಟೇ. ನಾನು ದಿನವೂ ಮೈಕ್ರೋಸ್ಕೋಪಿನ ಮುಂದೆ ಕೂರುವವಳು. ಕುತ್ತಿಗೆಯಲ್ಲಿ ಏನೂ ಸಿಗಲಿಲ್ಲ ಅಂತ ಸರ್ಜನ್ ಫಾರ್ಮಿನಲ್ಲಿ ಬರೆದು ಕಳಿಸಿರುತ್ತಾರೆ. ಅದೇ ಕುತ್ತಿಗೆಯ ಗ್ರಂಥಿಯನ್ನು ಸ್ಲೈಡಿನ ಮೇಲೆ ಇಟ್ಟಾಗ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳ ಗುಂಪು ಕಾಣುತ್ತದೆ. ಇದು ಎಲ್ಲೋ ಒಮ್ಮೆ ಆಗುವ ಮಾತಲ್ಲ. ಮಾವನದ್ದರ ಹಾಗೆ ಚಿಕ್ಕದಾಗಿಯೇ ಸಿಕ್ಕ ಬಾಯಿ ಕ್ಯಾನ್ಸರ್‌ಗಳಲ್ಲಿ, ಕೈಗೂ ಸ್ಕ್ಯಾನಿಗೂ ಏನೂ ಸಿಗದ ನೂರು ಕುತ್ತಿಗೆಗಳನ್ನು ತೆಗೆದುಕೊಂಡರೆ, ಸುಮಾರು 20ರಿಂದ 30ರಲ್ಲಿ ಅದು ಆಗಲೇ ಬಂದು ಕೂತಿರುತ್ತದೆ.

ತಮ್ಮ: ಅಂದರೆ ಉಳಿದ 70 ಜನಕ್ಕೆ ಸುಮ್ಮನೆ ಮಾಡಿದ ಹಾಗಾಯಿತಲ್ಲ?

ಅಕ್ಕ: ಆಯಿತು. ಆ ಲೆಕ್ಕ ಸರಿಯಾಗೇ ಇದೆ, ಅದನ್ನು ಮಾವನಿಂದ ಮುಚ್ಚಿಡಬೇಡ. ತೊಂದರೆ ಏನು ಅಂದರೆ, ಆ 70 ಜನ ಯಾರು ಅಂತ ಆಪರೇಷನ್ನಿಗೆ ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇವತ್ತಿಗೂ ಇಲ್ಲ. ತಲೆ-ಕುತ್ತಿಗೆಯ ಕ್ಯಾನ್ಸರ್ ನೋಡಿಕೊಳ್ಳುವವರೆಲ್ಲರೂ ಬಡಿದಾಡುತ್ತಿರುವುದು ಈ ಒಂದು ವಿಷಯದ ಜೊತೆಗೇ.

ತಮ್ಮ: ನಾಲಿಗೆಯಲ್ಲಿರುವುದು ಕುತ್ತಿಗೆಗೆ ಯಾಕೆ ಬರುತ್ತದೆ? ರಕ್ತದಲ್ಲಿ ಹೋಗುವುದಾದರೆ ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ?

ಅಕ್ಕ: ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹಿಡಿಯುವುದು ರಕ್ತದ ದಾರಿಯನ್ನಲ್ಲ. ನಮ್ಮ ತೋಟವನ್ನೇ ನೆನಪು ಮಾಡಿಕೋ. ಮಳೆಗಾಲದಲ್ಲಿ ಮರಗಳ ಸಾಲಿನ ನಡುವಿನ ಬಸಿಗಾಲುವೆಯಲ್ಲಿ ನೀರು ಇಳಿಯುತ್ತದೆ, ಅದರ ಜೊತೆ ಬಂದ ಹೂಳು ತಿರುವಿನಲ್ಲಿ ತಡೆದು ನಿಲ್ಲುತ್ತದೆ. ಮೈಯೊಳಗೂ ಅಂಗಾಂಶದ ನಡುವಿನ ತಿಳಿ ರಸವನ್ನು ಬಸಿದು ಒಯ್ಯುವ ಸಣ್ಣ ಸಣ್ಣ ನಾಳಗಳಿವೆ. ಅವುಗಳ ದಾರಿಯಲ್ಲಿ ತಡೆದು ಪರೀಕ್ಷಿಸುವ ಠಾಣೆಗಳೇ ದುಗ್ಧಗ್ರಂಥಿಗಳು. ಇಡೀ ದೇಹದಲ್ಲಿ ಸುಮಾರು 800 ಇದ್ದರೆ ಅದರಲ್ಲಿ 300ರಷ್ಟು ಕುತ್ತಿಗೆಯಲ್ಲೇ ಇವೆ. ಬಾಯಿ, ಮೂಗು, ಗಂಟಲು ಹೊರಗಿನದ್ದೆಲ್ಲ ಒಳಗೆ ಬರುವ ಬಾಗಿಲುಗಳು, ಅದಕ್ಕೇ ಅಲ್ಲಿ ಅಷ್ಟು ಕಾವಲು. ಹುಣ್ಣಿನಿಂದ ಕಳಚಿಕೊಂಡ ಕ್ಯಾನ್ಸರ್ ಕೋಶ ಆ ರಸದ ಜೊತೆ ಬಂದು ಗ್ರಂಥಿಯ ಹೊದಿಕೆಯ ಕೆಳಗಿರುವ ತೆಳುವಾದ ಜಾಗದಲ್ಲಿ ಮೊದಲು ತಂಗುತ್ತದೆ. ನಾನು ಸ್ಲೈಡ್ ನೋಡುವಾಗ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ತಮ್ಮ: 300 ಗ್ರಂಥಿಯಲ್ಲಿ ಯಾವುದಕ್ಕೆ ಹೋಗಿದೆ ಅಂತ ಹುಡುಕುವುದು?

ಅಕ್ಕ: ಎಲ್ಲವನ್ನೂ ಹುಡುಕಬೇಕಿಲ್ಲ. ಡಾಕ್ಟರುಗಳು ಕುತ್ತಿಗೆಯನ್ನು ಪಾಲು ಮಾಡಿಕೊಂಡಿದ್ದಾರೆ. ಗದ್ದದ ಕೆಳಗೆ, ದವಡೆಯ ಕೆಳಗೆ ಇರುವುದು ಒಂದನೆಯ ಗುಂಪು. ಕಿವಿಯ ಕೆಳಗಿನಿಂದ ಕೊರಳೆಲುಬಿನವರೆಗೆ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇಳಿಯುವ ಸಾಲು ಎರಡು, ಮೂರು, ನಾಲ್ಕು. ಹಿಂಬದಿಯದ್ದು ಐದು, ಗಂಟಲ ಮುಂದಿನ ನಡುಭಾಗದ್ದು ಆರು. ಕೆನ್ನೆಯೊಳಗಿನ ಹುಣ್ಣು ಸಾಮಾನ್ಯವಾಗಿ ಒಂದು, ಎರಡಕ್ಕೆ ಬರುತ್ತದೆ. ನಾಲಿಗೆಯದ್ದು ಒಂದು, ಎರಡು, ಮೂರಕ್ಕೆ. ಕೆಲವು ಸಲ ಮೇಲಿನವನ್ನು ಹಾರಿ ನೇರವಾಗಿ ನಾಲ್ಕಕ್ಕೂ ಇಳಿಯುತ್ತದೆ. ದಾರಿ ಗೊತ್ತಿರುವುದರಿಂದಲೇ ಇವತ್ತು ಅಷ್ಟು ಭಾಗವನ್ನು ಮಾತ್ರ ತೆಗೆಯುತ್ತಾರೆ. ಹಿಂದೆ ಹೀಗಿರಲಿಲ್ಲ. 1906ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸರ್ಜನ್ ಜಾರ್ಜ್ ಕ್ರೈಲ್ 132 ಆಪರೇಷನ್‌ಗಳ ಅನುಭವ ಬರೆದರು. ಕುತ್ತಿಗೆಯ ಆ ಬದಿಯ ಗ್ರಂಥಿಗಳ ಜೊತೆಗೆ ಪಕ್ಕದ ಉದ್ದ ಸ್ನಾಯು, ದೊಡ್ಡ ರಕ್ತನಾಳ, ಭುಜ ಎತ್ತಿಸುವ ನರ ಎಲ್ಲ ಒಟ್ಟಿಗೇ ತೆಗೆಯುವ ವಿಧಾನ ಅದು. ಜೀವ ಉಳಿಸಿತು, ಭುಜ ಇಳಿಬಿಟ್ಟಿತು. ತೋಳು ಎತ್ತಿ ಅಂಗಿ ಹಾಕಿಕೊಳ್ಳಲು ಆಗದ ಸ್ಥಿತಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ನಡೆಯಿತು. 1963ರಲ್ಲಿ ಅರ್ಜೆಂಟೀನಾದ ಓಸ್ವಾಲ್ಡೋ ಸುವಾರೆಜ್ ಆ ನರ, ಸ್ನಾಯುಗಳನ್ನು ಉಳಿಸಿಕೊಂಡೇ ಗ್ರಂಥಿ ತೆಗೆಯಬಹುದು ಅಂತ ತೋರಿಸಿದ ಮೇಲೆ ನಿಧಾನವಾಗಿ ಬದಲಾಯಿತು. ಮಾವನಿಗೆ ಮಾಡುವುದು ಈಗಿನ ಉಳಿಸುವ ಆಪರೇಷನ್.

ತಮ್ಮ: ಅದು ಸರಿ. ಆದರೆ ಪೆಟ್ ಸ್ಕ್ಯಾನ್ ಮಾಡಿಸಿದರೆ ಮೈಯಲ್ಲಿ ಎಲ್ಲಿದ್ದರೂ ಗೊತ್ತಾಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ದುಡ್ಡು ಹೋದರೆ ಹೋಗಲಿ, ಅದೊಂದು ಮಾಡಿಸಿದರೆ ಈ ತಲೆನೋವೇ ಇರುವುದಿಲ್ಲ ಅಂತ.

ಅಕ್ಕ: ಪೆಟ್ ಸ್ಕ್ಯಾನಿನ ಬಗ್ಗೆ ಜನರಿಗಿರುವ ನಂಬಿಕೆ ನೋಡಿದರೆ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಎಷ್ಟೋ ಮನೆಗಳು ಸಾಲ ಮಾಡಿ ಮಾಡಿಸುತ್ತವೆ. ಅದರಲ್ಲಿ ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತಾರೆ. ಸಕ್ಕರೆ ಹೆಚ್ಚು ನುಂಗುವ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಹೆಚ್ಚು ನುಂಗುತ್ತದೆ, ನಿಜ. ಆದರೆ ಹುಳುಕು ಹಲ್ಲಿನ ಕೀವಿನಿಂದ ಊದಿಕೊಂಡ ಗ್ರಂಥಿಯೂ ನುಂಗುತ್ತದೆ, ಟಿಬಿ ಗ್ರಂಥಿಯೂ ನುಂಗುತ್ತದೆ. ನಮ್ಮ ದೇಶದಲ್ಲಿ ಕುತ್ತಿಗೆಯ ಟಿಬಿ ಏನು ಕಡಿಮೆಯೇ? ಇನ್ನೊಂದು ಕಡೆ, ನಾಲ್ಕೈದು ಮಿಲಿಮೀಟರಿಗಿಂತ ಸಣ್ಣ ಕ್ಯಾನ್ಸರ್ ಗುಂಪು ಇದ್ದರೆ ಅದು ಹೊಳೆಯದೇ ಉಳಿದುಬಿಡಬಹುದು. ಮಾವನ ಪ್ರಶ್ನೆ ಇರುವುದೇ ಆ ಸಣ್ಣದರ ಬಗ್ಗೆ. ಎರಡು ಮಿಲಿಮೀಟರ್ ಒಳಗಿನ ಗುಂಪುಗಳಿಗೆ ನಾವು ಸೂಕ್ಷ್ಮ ಹರಡುವಿಕೆ ಅಂತ ಬೇರೆ ಹೆಸರನ್ನೇ ಇಟ್ಟಿದ್ದೇವೆ. ಯಾವ ಸ್ಕ್ಯಾನಿಗೂ ಅದು ಕಾಣುವುದಿಲ್ಲ.

ತಮ್ಮ: ಹಾಗಾದರೆ ಈ ಸ್ಕ್ಯಾನುಗಳೆಲ್ಲ ಯಾಕೆ?

ಅಕ್ಕ: ಒಂದೊಂದಕ್ಕೂ ಅದರದೇ ಕೆಲಸ ಇದೆ. ಅಲ್ಟ್ರಾಸೌಂಡ್ ಅಗ್ಗ, ಎಲ್ಲ ಊರಿನಲ್ಲೂ ಸಿಗುತ್ತದೆ. ನುರಿತ ಕೈಯಲ್ಲಿ ಗ್ರಂಥಿಯ ಆಕಾರವನ್ನೇ ಓದುತ್ತದೆ. ಆರೋಗ್ಯವಂತ ಗ್ರಂಥಿ ಉದ್ದುದ್ದಕ್ಕೆ ಇರುತ್ತದೆ, ನಡುವೆ ಕೊಬ್ಬಿನ ಬಿಳಿ ಗೆರೆ, ರಕ್ತ ಆ ನಡುವಿನಿಂದಲೇ ಒಳಗೆ ಹೋಗುತ್ತದೆ. ಕ್ಯಾನ್ಸರ್ ತುಂಬಿಕೊಂಡರೆ ಉರುಟಾಗುತ್ತದೆ, ಬಿಳಿ ಗೆರೆ ಅಳಿಸಿಹೋಗುತ್ತದೆ, ರಕ್ತ ಅಂಚಿನಿಂದ ನುಗ್ಗುತ್ತದೆ. ಸಿಟಿ, ಎಂಆರ್‌ಐ ಇನ್ನೂ ಆಳಕ್ಕೆ ಹೋಗುತ್ತವೆ. ಗಂಟಲ ಹಿಂದೆ, ಬೆನ್ನುಮೂಳೆಯ ಮುಂದೆ ಇರುವ ಗ್ರಂಥಿಗಳನ್ನು ಅಲ್ಟ್ರಾಸೌಂಡ್ ನೋಡಲಾರದು, ಇವು ನೋಡುತ್ತವೆ. ಗ್ರಂಥಿಯ ನಡುಭಾಗ ಕೊಳೆತು ಕಪ್ಪಾಗಿ ಕಂಡರೆ ಗಾತ್ರ ಚಿಕ್ಕದಿದ್ದರೂ ಅನುಮಾನ ಬಲವಾಗುತ್ತದೆ. ಅಗಲ ಒಂದು ಸೆಂಟಿಮೀಟರ್ ದಾಟಿದರೆ ಅನುಮಾನಿಸು ಅನ್ನುವುದು ರೂಢಿಯ ಲೆಕ್ಕ. ಆದರೆ ಬರೀ ಗಾತ್ರ ನೋಡಿ ತೀರ್ಮಾನ ಮಾಡುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ನೆಗಡಿಗೆ ಊದಿದ ಗ್ರಂಥಿ ಎರಡು ಸೆಂಟಿಮೀಟರ್ ಇರುತ್ತದೆ, ಆರು ಮಿಲಿಮೀಟರಿನದ್ದರಲ್ಲಿ ಕ್ಯಾನ್ಸರ್ ಇರುತ್ತದೆ.

ತಮ್ಮ: ಸೂಜಿ ಹಾಕಿ ನೋಡುತ್ತಾರಲ್ಲ, ಅದು?

ಅಕ್ಕ: ಅನುಮಾನದ ಗ್ರಂಥಿ ಕಂಡಾಗ ಅದರಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಸಣ್ಣ ಸೂಜಿ ಚುಚ್ಚಿ ಕೋಶಗಳನ್ನು ಎಳೆದು ಸ್ಲೈಡಿಗೆ ಹಚ್ಚುತ್ತಾರೆ. ಎಫ್‌ಎನ್‌ಎಸಿ ಅಂತ ರಿಪೋರ್ಟಿನಲ್ಲಿ ಬರೆದಿರುವುದು ಅದನ್ನೇ. ಕ್ಯಾನ್ಸರ್ ಇದೆ ಅಂತ ಬಂದರೆ ಇದೆ. ಏನೂ ಬರದಿದ್ದರೆ ಇಲ್ಲ ಅಂತ ಹೇಳಲು ಬರುವುದಿಲ್ಲ, ಸೂಜಿ ಕೋಶಗಳ ಪಕ್ಕದಲ್ಲೇ ಹಾದುಹೋಗಿರಬಹುದು. ಮಾವನ ಕುತ್ತಿಗೆಯಲ್ಲಿ ಅನುಮಾನದ ಗ್ರಂಥಿಯೇ ಕಂಡಿಲ್ಲ, ಚುಚ್ಚುವುದು ಎಲ್ಲಿಗೆ?

ತಮ್ಮ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆದರಿ ಹರಡುತ್ತದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ.

ಅಕ್ಕ: ಈ ಮಾತಿನಿಂದ ಎಷ್ಟು ಜನ ತಡಮಾಡಿ ಬರುತ್ತಾರೆ ಅಂತ ನಿನಗೆ ಗೊತ್ತಿಲ್ಲ. ಆ ಸೂಜಿ ರಕ್ತ ತೆಗೆಯುವ ಸೂಜಿಗಿಂತ ದಪ್ಪವೇನಲ್ಲ. ಅದರ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ಅತ್ಯಂತ ವಿರಳ. ನಿಜವಾದ ಅಪಾಯ ಬೇರೆ ಕಡೆ ಇದೆ. ಕುತ್ತಿಗೆಯಲ್ಲಿ ಗಂಟು ಬಂತು, ಬಾಯಿ ಗಂಟಲು ಯಾರೂ ನೋಡಲಿಲ್ಲ, ಸೂಜಿ ಹಾಕಲಿಲ್ಲ, ನೇರವಾಗಿ ಕೊಯ್ದು ಗಂಟನ್ನು ಮಾತ್ರ ತೆಗೆದು ಹೊಲಿಗೆ ಹಾಕಿದರು ಅಂತಿಟ್ಟುಕೋ. ಆಮೇಲೆ ಅದು ಕ್ಯಾನ್ಸರ್ ಅಂತ ಬಂದರೆ, ಮುಂದೆ ಆಪರೇಷನ್ ಮಾಡುವವರಿಗೆ ಪದರಗಳೆಲ್ಲ ಅಂಟಿಕೊಂಡಿರುತ್ತವೆ, ಹುಟ್ಟಿದ ಜಾಗ ಇನ್ನೂ ಬಾಯಿಯಲ್ಲೋ ಗಂಟಲಲ್ಲೋ ಬೆಳೆಯುತ್ತಲೇ ಇರುತ್ತದೆ. ಇನ್ನೊಂದು, ಸೂಜಿ ಹಾಕದೆಯೇ ಟಿಬಿ ಇರಬಹುದು ಅಂತ ತಿಂಗಳುಗಟ್ಟಲೆ ಮಾತ್ರೆ ಕೊಡುವುದು. ಗಂಟು ಕರಗಲಿಲ್ಲ ಅಂತ ಕೊನೆಗೆ ಸೂಜಿ ಹಾಕಿದಾಗ ನನ್ನ ಸ್ಲೈಡಿನಲ್ಲಿ ಕಾಣುವುದು ಬೇರೆಯೇ. ಅಂಥ ಸ್ಲೈಡ್ ನೋಡಿದ ದಿನ ನನಗೆ ಊಟ ಸೇರುವುದಿಲ್ಲ. ದೊಡ್ಡವರ ಕುತ್ತಿಗೆಯಲ್ಲಿ ಕಾರಣವಿಲ್ಲದೆ ಬಂದ ಗಂಟು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ, ನೋವಿಲ್ಲದಿದ್ದರೂ, ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಬೇಕು. ನೋವಿಲ್ಲದಿದ್ದರೆ ಇನ್ನೂ ಬೇಗ ಹೋಗಬೇಕು ಅಂತಲೇ ನಾನು ಹೇಳುವುದು. ಗಟ್ಟಿಯಾಗಿ, ಅಲ್ಲಾಡದೆ ಕೂತ ಗಂಟಾದರೆ ಕೇಳುವುದೇ ಬೇಡ.

ತಮ್ಮ: ಹೊಗೆಸೊಪ್ಪು, ಬೀಡಿ ಏನೂ ಇಲ್ಲದವರಿಗೂ?

ಅಕ್ಕ: ಅವರಿಗೂ. ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ ಬರುವ ಕ್ಯಾನ್ಸರ್ ಇದೆ. ಅಮೆರಿಕ, ಯುರೋಪಿನಲ್ಲಿ ಅದು ಬಹಳ ಹೆಚ್ಚು, ನಮ್ಮಲ್ಲಿ ತಂಬಾಕಿನದ್ದೇ ಮೇಲುಗೈ. ಎಚ್‌ಪಿವಿಯದ್ದರಲ್ಲಿ ಎಷ್ಟೋ ಸಲ ಮೊದಲು ಕಾಣುವುದೇ ಕುತ್ತಿಗೆಯ ಗಂಟು, ಅದೂ ನೀರು ತುಂಬಿದ ಚೀಲದ ಹಾಗೆ. ಸೂಜಿ ಹಾಕಿದರೆ ಬರೀ ನೀರು ಬರಬಹುದು. ಹುಟ್ಟಿನಿಂದ ಬಂದ ಚೀಲ ಅಂತ ಸುಮ್ಮನಾಗಿಬಿಡುವ ಅಪಾಯ ಅಲ್ಲಿದೆ. ಇರಲಿ, ಮಾವನದ್ದು ಅದಲ್ಲ.

ತಮ್ಮ: ಮಾವನ ಇನ್ನೊಂದು ಮಾತಿದೆ. ಈಗ ನಾಲಿಗೆ ಮಾತ್ರ ಮಾಡಿಸಿಕೊಳ್ಳುತ್ತೇನೆ, ಕುತ್ತಿಗೆಯನ್ನು ಆಗಾಗ ಬಂದು ತೋರಿಸುತ್ತೇನೆ, ಗಂಟು ಬಂದರೆ ಆವಾಗ ತೆಗೆಯಲಿ ಅನ್ನುತ್ತಾರೆ. ಇದರಲ್ಲಿ ತಪ್ಪೇನು? ನನಗೆ ಇದು ನ್ಯಾಯವಾಗೇ ಕಂಡಿತು.

ಅಕ್ಕ: ತಪ್ಪಿಲ್ಲದ ಪ್ರಶ್ನೆ. ಪ್ರಪಂಚದ ಸರ್ಜನ್‌ಗಳೇ ದಶಕಗಟ್ಟಲೆ ಇದರ ಮೇಲೆ ಎರಡು ಪಂಗಡವಾಗಿದ್ದರು. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ಮತ್ತು ಅವರ ತಂಡ 2004ರಿಂದ 2014ರವರೆಗೆ ಮಾವನಂಥವರನ್ನೇ ಸೇರಿಸಿಕೊಂಡರು: ಚಿಕ್ಕ ಬಾಯಿ ಕ್ಯಾನ್ಸರ್, ಕುತ್ತಿಗೆಯಲ್ಲಿ ಏನೂ ಸಿಗದವರು. ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಜೊತೆಗೇ ಕುತ್ತಿಗೆಯ ಆಪರೇಷನ್. ಇನ್ನೊಂದಕ್ಕೆ ಮಾವ ಹೇಳುವ ಹಾಗೆ, ಬಾಯಿಗೆ ಮಾತ್ರ ಮಾಡಿ, ಆಗಾಗ ಕರೆಸಿ ನೋಡಿ, ಗಂಟು ಕಂಡರೆ ಆವಾಗ ತೆಗೆಯುವುದು. 500 ಜನರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಹೊತ್ತಿಗೆ ಮೊದಲೇ ಕುತ್ತಿಗೆ ತೆಗೆಸಿಕೊಂಡ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 80. ಕಾದು ನೋಡಿದ ಗುಂಪಿನಲ್ಲಿ 67.5. ರೋಗ ಮರುಕಳಿಸದೆ ಇದ್ದವರು ಮೊದಲನೆಯದರಲ್ಲಿ 69.5, ಎರಡನೆಯದರಲ್ಲಿ 45.9.

ತಮ್ಮ: ಅಷ್ಟು ವ್ಯತ್ಯಾಸವೇ? ಗಂಟು ಬಂದ ಕೂಡಲೇ ತೆಗೆದಿರುತ್ತಾರಲ್ಲ?

ಅಕ್ಕ: ತೆಗೆದರು. ಆದರೆ ಕೈಗೆ ಸಿಗುವಷ್ಟು ಬೆಳೆದಾಗ ಅದು ಬಹಳ ಸಲ ಆ ಒಂದು ಗ್ರಂಥಿಯಲ್ಲೇ ನಿಂತಿರುವುದಿಲ್ಲ. ಹೊದಿಕೆ ಒಡೆದು ಸುತ್ತಲಿನ ಕೊಬ್ಬಿಗೆ, ಸ್ನಾಯುವಿಗೆ ಹೆಜ್ಜೆ ಇಟ್ಟಿರುತ್ತದೆ. ಈ ಅಧ್ಯಯನ ನಡೆದದ್ದು ದೇಶದ ಅತಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಒಬ್ಬೊಬ್ಬರನ್ನೂ ಲೆಕ್ಕ ಇಟ್ಟು ಕರೆಸುತ್ತಿದ್ದ ಜಾಗದಲ್ಲಿ. ನಮ್ಮೂರಿನಿಂದ ಮಳೆಗಾಲದಲ್ಲಿ ಘಟ್ಟ ಇಳಿದು ಬಂದು ತೋರಿಸುತ್ತೇನೆ ಅನ್ನುವ ಮಾವ, ಕೊಯ್ಲಿನ ಸಮಯದಲ್ಲಿ ಬರುತ್ತಾರಾ? ನೀನೇ ಹೇಳು. ಇದನ್ನು ಅವರನ್ನು ಹಂಗಿಸಲು ಹೇಳುತ್ತಿಲ್ಲ, ದುಡಿಯುವವರ ಬದುಕೇ ಹಾಗಿದೆ.

ತಮ್ಮ: ಕೊಯ್ಲಿನಲ್ಲಿ ಬರುವುದಿಲ್ಲ, ಅದಂತೂ ಖಂಡಿತ. ಆದರೂ ಆ 70 ಜನರ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಅಕ್ಕ: ಹೋಗಬಾರದು. ಅವರಿಗಾಗಿಯೇ ಇನ್ನೊಂದು ದಾರಿ ಹುಡುಕಿದ್ದಾರೆ. ಹುಣ್ಣಿನ ರಸ ಎಲ್ಲ ಗ್ರಂಥಿಗಳಿಗೂ ಒಂದೇ ಸಲ ಹೋಗುವುದಿಲ್ಲ, ಮೊದಲು ಒಂದೆರಡಕ್ಕೆ ಹೋಗುತ್ತದೆ. ಅವನ್ನು ಕಾವಲು ಗ್ರಂಥಿಗಳು ಅನ್ನೋಣ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಮುಂದಿನವುಗಳಲ್ಲಿ ಇರುವ ಸಾಧ್ಯತೆ ಬಹಳ ಕಡಿಮೆ. 1977ರಲ್ಲಿ ರಾಮೋನ್ ಕಬಾನ್ಯಾಸ್ ಶಿಶ್ನದ ಕ್ಯಾನ್ಸರಿನಲ್ಲಿ ಇದನ್ನು ತೋರಿಸಿದರು, 1992ರಲ್ಲಿ ಡೊನಾಲ್ಡ್ ಮಾರ್ಟನ್ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿಗೆ ತಂದರು, ಸ್ತನ ಕ್ಯಾನ್ಸರಿಗೆ ಈಗ ಅದು ದಿನನಿತ್ಯದ ಕೆಲಸ. ಬಾಯಿಗೆ ಮಾಡುವುದು ಹೀಗೆ: ಆಪರೇಷನ್ನಿನ ಹಿಂದಿನ ದಿನ ಅಥವಾ ಅದೇ ದಿನ ಹುಣ್ಣಿನ ಸುತ್ತ ಟೆಕ್ನೀಷಿಯಂ ಸೇರಿದ ಔಷಧ ಚುಚ್ಚುತ್ತಾರೆ. ಆರು ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಭಯವಿಲ್ಲ. ಅದು ರಸದ ಜೊತೆ ಹರಿದು ಯಾವ ಗ್ರಂಥಿಯಲ್ಲಿ ಮೊದಲು ಕೂರುತ್ತದೆ ಅಂತ ಗಾಮಾ ಕ್ಯಾಮೆರಾದಲ್ಲಿ ನೋಡುತ್ತಾರೆ. ಆಪರೇಷನ್ ಟೇಬಲ್ಲಿನ ಮೇಲೆ ಪೆನ್ನಿನಂಥ ಉಪಕರಣ ಹಿಡಿದು, ಅದರ ಸದ್ದು ಏರುವ ಕಡೆ ಸಣ್ಣದಾಗಿ ಕೊಯ್ದು ಆ ಗ್ರಂಥಿಗಳನ್ನಷ್ಟೇ ತೆಗೆದು ನಮಗೆ ಕಳಿಸುತ್ತಾರೆ. ಕೆಲವರಲ್ಲಿ ಎಡಗಡೆಯ ಹುಣ್ಣಿನ ರಸ ಬಲಗಡೆಯ ಗ್ರಂಥಿಗೂ ಹೋಗಿರುವುದು ಆಗ ತಿಳಿಯುತ್ತದೆ. ಬರೀ ಎಡಗಡೆ ತೆಗೆದಿದ್ದರೆ ಅದು ಉಳಿದುಬಿಡುತ್ತಿತ್ತು.

ತಮ್ಮ: ಅದರ ಮೇಲೆ ಭರವಸೆ ಇಡಬಹುದಾ?

ಅಕ್ಕ: ಯುರೋಪಿನ 14 ಆಸ್ಪತ್ರೆಗಳ 415 ರೋಗಿಗಳ ಫಲಿತಾಂಶ 2015ರಲ್ಲಿ ಬಂತು. ಕ್ಯಾನ್ಸರ್ ಇದ್ದ ನೂರು ಕುತ್ತಿಗೆಗಳಲ್ಲಿ 86ನ್ನು ಈ ವಿಧಾನ ಹಿಡಿಯಿತು. ಇಲ್ಲ ಅಂತ ಹೇಳಿದ ನೂರರಲ್ಲಿ 95ರಲ್ಲಿ ನಿಜಕ್ಕೂ ಇರಲಿಲ್ಲ. ಜಪಾನಿನಲ್ಲಿ 271 ಜನರ ಮೇಲೆ ಮಾಡಿದ ಹೋಲಿಕೆ 2021ರಲ್ಲಿ ಬಂತು. ಮೂರು ವರ್ಷಕ್ಕೆ ಬದುಕಿದ್ದವರು ಈ ವಿಧಾನದಲ್ಲಿ 87.9, ಪೂರ್ತಿ ಆಪರೇಷನ್ನಿನಲ್ಲಿ 86.6, ಅಂದರೆ ಸರಿಸಮ. ಭುಜದ ತೊಂದರೆ ಕಡಿಮೆ. ನನಗೆ ಇದರಲ್ಲಿ ನಂಬಿಕೆ ಇದೆ.

ತಮ್ಮ: ಮತ್ತೆ ಮಾವನಿಗೆ ಅದನ್ನೇ ಮಾಡಿಸೋಣ!

ಅಕ್ಕ: ಕೇಳಿ ನೋಡು, ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಅದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಪಳಗಿದ ಸರ್ಜನ್ ಬೇಕು, ನಮ್ಮಂಥವರ ಕೈಯಲ್ಲಿ ಬಹಳ ಸಮಯ ಬೇಕು. ಸಾಮಾನ್ಯ ಗ್ರಂಥಿಯಾದರೆ ಒಂದೆರಡು ಸ್ಲೈಡ್ ನೋಡುತ್ತೇವೆ. ಕಾವಲು ಗ್ರಂಥಿಯನ್ನು ತೆಳ್ಳಗೆ ಪದರ ಪದರವಾಗಿ ಕೊನೆಯವರೆಗೂ ಕತ್ತರಿಸಬೇಕು, ಕೆರಾಟಿನ್ ಹಿಡಿಯುವ ಬಣ್ಣ ಹಾಕಿ ಕಂದು ಬಣ್ಣಕ್ಕೆ ತಿರುಗಿದ ಒಂಟಿ ಕೋಶವನ್ನೂ ಹುಡುಕಬೇಕು. ಆಪರೇಷನ್ ನಡೆಯುವಾಗಲೇ ಅವಸರದಲ್ಲಿ ನೋಡಿ ಹೇಳುವ ವಿಧಾನದಿಂದ ಸಣ್ಣ ಗುಂಪುಗಳು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಕ್ಯಾನ್ಸರ್ ಇದೆ ಅಂತ ಕೆಲವು ದಿನ ಬಿಟ್ಟು ರಿಪೋರ್ಟ್ ಬಂದರೆ ಮತ್ತೆ ಎರಡನೇ ಆಪರೇಷನ್ನಿಗೆ ಬರಬೇಕು. ಆ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ನಿತ್ಯ ನಡೆಯುತ್ತಿದ್ದರೆ ಸರಿ. ಇಲ್ಲದಿದ್ದರೆ ಅದನ್ನು ಹುಡುಕುತ್ತಾ ಊರೂರು ಅಲೆದು ಎರಡು ತಿಂಗಳು ಕಳೆಯಬೇಡಿ.

ತಮ್ಮ: ಹುಣ್ಣು ಇಷ್ಟು ಚಿಕ್ಕದಿದ್ದರೂ ಕುತ್ತಿಗೆ ಬೇಕೇ ಬೇಕಾ? ಎಲ್ಲರಿಗೂ ಮಾಡುತ್ತಾರಾ?

ಅಕ್ಕ: ಎಲ್ಲರಿಗೂ ಇಲ್ಲ. ಹುಣ್ಣು ಎಷ್ಟು ಅಗಲ ಅನ್ನುವುದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಮುಖ್ಯ. ಮೇಲುಮೇಲಕ್ಕೇ ಇದ್ದರೆ ಕುತ್ತಿಗೆ ಬಿಟ್ಟು ನೋಡಬಹುದು. ಮೂರು ನಾಲ್ಕು ಮಿಲಿಮೀಟರ್ ದಾಟಿತು ಅಂದರೆ ಗ್ರಂಥಿಗೆ ಹೋಗಿರುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಈ ಆಳವನ್ನು ಕ್ಯಾನ್ಸರಿನ ಹಂತ ಹೇಳುವ ಅಂತರರಾಷ್ಟ್ರೀಯ ಪಟ್ಟಿಯ ಎಂಟನೇ ಆವೃತ್ತಿಯಲ್ಲಿ ಸೇರಿಸಿದ್ದಾರೆ. ಐದು ಮಿಲಿಮೀಟರ್ ದಾಟಿದರೆ ಎರಡು ಸೆಂಟಿಮೀಟರಿನ ಹುಣ್ಣೂ ಒಂದನೆಯ ದರ್ಜೆಯಿಂದ ಎರಡನೆಯದಕ್ಕೆ ಹೋಗುತ್ತದೆ. ಮಾವನ ಎಂಆರ್‌ಐಯಲ್ಲಿ ಆಳ ಎಷ್ಟು ಬರೆದಿದ್ದಾರೆ?

ತಮ್ಮ: ಇರು, ನೋಡುತ್ತೇನೆ. ಆರು ಮಿಲಿಮೀಟರ್ ಅಂತಿದೆ.

ಅಕ್ಕ: ಹಾಗಾದರೆ ಸರ್ಜನ್ ಹೇಳಿದ್ದು ಸರಿಯಾಗಿದೆ. ನನ್ನ ಅಪ್ಪನಾಗಿದ್ದರೂ ನಾನು ಅದನ್ನೇ ಮಾಡಿಸುತ್ತಿದ್ದೆ. ನೋಡು, ಜನ ಒಂದು ವಿಷಯವನ್ನು ಗಮನಿಸುವುದಿಲ್ಲ. ಈ ಆಪರೇಷನ್ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ತೆಗೆಯುವುದೇ ಹುಡುಕುವುದು. ಮಾವನ ಕುತ್ತಿಗೆಯಲ್ಲಿ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳುವವರು ಸ್ಕ್ಯಾನ್ ಮಾಡುವವರಲ್ಲ, ಸರ್ಜನ್ನೂ ಅಲ್ಲ. ಆ ಮಾತು ಬರುವುದು ಪೆಥಾಲಜಿ ಲ್ಯಾಬಿನಿಂದ.

ತಮ್ಮ: ನೀನು ಅಲ್ಲಿ ಏನು ಮಾಡುತ್ತೀಯ ಅಂತ ಇಷ್ಟು ವರ್ಷ ನಾನು ಸರಿಯಾಗಿ ಕೇಳಿಯೇ ಇಲ್ಲ.

ಅಕ್ಕ: ಕುತ್ತಿಗೆಯಿಂದ ತೆಗೆದದ್ದು ಫಾರ್ಮಲಿನ್ ಡಬ್ಬದಲ್ಲಿ ಬರುತ್ತದೆ. ಒಳ್ಳೆಯ ಸರ್ಜನ್ ಆದರೆ ಒಂದನೆಯ ಗುಂಪು, ಎರಡನೆಯ ಗುಂಪು ಅಂತ ಬೇರೆ ಬೇರೆ ಡಬ್ಬದಲ್ಲಿ ಹೆಸರು ಬರೆದು ಕಳಿಸಿರುತ್ತಾರೆ. ನೋಡಲು ಬರೀ ಹಳದಿ ಕೊಬ್ಬು. ಅದನ್ನು ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಒತ್ತುತ್ತಾ ಹೋಗಬೇಕು, ಕೊಬ್ಬಿಗಿಂತ ಗಟ್ಟಿಯಾದದ್ದು ತಡೆದರೆ ಅದು ಗ್ರಂಥಿ. ಮೂರು ಮಿಲಿಮೀಟರಿನದ್ದೂ ಬಿಡಬಾರದು. ಆ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ ಅಂತ ನೀನು ಬೈಯುತ್ತೀಯಲ್ಲ, ಇದೇ ಕಾರಣ. ಒಂದು ಬದಿಯ ಕುತ್ತಿಗೆಯಲ್ಲಿ 18 ಗ್ರಂಥಿಗಳಾದರೂ ಸಿಕ್ಕರೆ ಆಪರೇಷನ್ನೂ ನಮ್ಮ ಹುಡುಕಾಟವೂ ಚೆನ್ನಾಗಿದೆ ಅಂತ ಒಂದು ಲೆಕ್ಕ. ಸಿಕ್ಕ ಒಂದೊಂದನ್ನೂ ಎರಡು ಮಿಲಿಮೀಟರ್ ಅಂತರದಲ್ಲಿ ಸೀಳಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಕತ್ತರಿಸಿ, ಗುಲಾಬಿ-ನೇರಳೆ ಬಣ್ಣ ಹಾಕಿ ನೋಡುವುದು. ಕೊನೆಗೆ ಬರೆಯುವುದು ಇಷ್ಟು: ಎಷ್ಟು ಗ್ರಂಥಿ ನೋಡಿದೆವು, ಎಷ್ಟರಲ್ಲಿ ಕ್ಯಾನ್ಸರ್ ಇದೆ, ಅತಿ ದೊಡ್ಡ ಗುಂಪು ಎಷ್ಟು ಮಿಲಿಮೀಟರ್, ಮತ್ತು ಹೊದಿಕೆ ಒಡೆದು ಹೊರಗೆ ಬಂದಿದೆಯೋ ಇಲ್ಲವೋ, ಬಂದಿದ್ದರೆ ಎಷ್ಟು ದೂರ.

ತಮ್ಮ: ಆ ಹೊದಿಕೆಯ ಮಾತು ಆಗಲೂ ಹೇಳಿದೆ.

ಅಕ್ಕ: ಅದು ಇಡೀ ರಿಪೋರ್ಟಿನ ಅತಿ ತೂಕದ ಸಾಲು. ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೇ ಬದುಕುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಹೊದಿಕೆ ಒಡೆದಿದ್ದರೆ ಇನ್ನೂ ಕಷ್ಟ. 2004ರಲ್ಲಿ ಯುರೋಪಿನಲ್ಲೊಂದು, ಅಮೆರಿಕದಲ್ಲೊಂದು ದೊಡ್ಡ ಅಧ್ಯಯನ ಒಟ್ಟಿಗೇ ಪ್ರಕಟವಾದವು. ಹೊದಿಕೆ ಒಡೆದವರಿಗೆ, ಕ್ಯಾನ್ಸರ್ ಅಂಚಿನಲ್ಲಿ ಉಳಿದವರಿಗೆ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೀಮೋ ಸೇರಿಸಿದರೆ ಲಾಭ ಅಂತ ಅವುಗಳಿಂದ ತಿಳಿಯಿತು. ಹಾಗಾಗಿ ಆ ಒಂದು ಸಾಲಿನ ಮೇಲೆ ಒಬ್ಬರ ಮುಂದಿನ ತಿಂಗಳುಗಳೇ ನಿಂತಿರುತ್ತವೆ: ಏನೂ ಬೇಡ, ರೇಡಿಯೇಷನ್ ಸಾಕು, ಅಥವಾ ಎರಡೂ ಬೇಕು. ಎಲ್ಲ ಗ್ರಂಥಿಯೂ ಶುದ್ಧವಾಗಿದ್ದರೆ, ನೀನು ಮರುಗುತ್ತಿದ್ದ ಆ 70ರಲ್ಲಿ ಮಾವ ಒಬ್ಬರಾದರೆ, ಅವರಿಗೆ ಸಿಕ್ಕಿದ್ದು ಏನೂ ಇಲ್ಲ ಅಂತಲ್ಲ. ಎಷ್ಟೋ ಜನಕ್ಕೆ ರೇಡಿಯೇಷನ್ನಿನ ಬೇಗೆ ಅದರಿಂದ ತಪ್ಪುತ್ತದೆ.

ತಮ್ಮ: ಇನ್ನೊಂದು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ಮಾವ ಹೊಗೆಸೊಪ್ಪು ಬಿಟ್ಟು ಎಷ್ಟೋ ವರ್ಷ ಆಯಿತು. ಎಲೆಅಡಿಕೆ ಮಾತ್ರ. ನಾವು ಬೆಳೆದ ಅಡಿಕೆಯೇ.

ಅಕ್ಕ: ಬೇಜಾರು ಯಾಕೆ, ನಾನೂ ಅದೇ ತೋಟದಲ್ಲಿ ಬೆಳೆದವಳು, ನನ್ನ ಮೆಡಿಕಲ್ ಫೀಸು ಕಟ್ಟಿದ್ದೂ ಆ ಅಡಿಕೆಯೇ. ಅದಕ್ಕೇ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ದವಡೆಯ ಬದಿಗೆ ಇಟ್ಟುಕೊಂಡು ಗಂಟೆಗಟ್ಟಲೆ ಚೀಪುವವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದ ಹಾಗಾಗುವುದು ಅಡಿಕೆಯಿಂದಲೇ. ಅಂಥವರ ಬಾಯಿಯೊಳಗೆ ಹುಣ್ಣು ನೋಡುವುದೇ ಕಷ್ಟ, ಹಾಗಾಗಿ ಕುತ್ತಿಗೆಯಲ್ಲಿ ಗಂಟಾದ ಮೇಲೆ ಬರುತ್ತಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬೇರೆ ಬೇರೆ ಮಾರಿದರು, ಹುಡುಗರು ಅಂಗೈಯಲ್ಲಿ ಬೆರೆಸಿಕೊಂಡರು. ನನ್ನ ಮೇಜಿಗೆ ಬರುವ ಡಬ್ಬಗಳ ಮೇಲೆ ಮೂವತ್ತರ ಒಳಗಿನ ವಯಸ್ಸು ಕಂಡಾಗ ನನಗೆ ಸಿಟ್ಟು ಬರುತ್ತದೆ. ಬೆಳೆಗಾರರ ಮೇಲಲ್ಲ, ಐದು ರೂಪಾಯಿಯ ಪೊಟ್ಟಣಕ್ಕೆ ಬಣ್ಣ ಬಳಿದು ಶಾಲೆಯ ಹತ್ತಿರ ತೂಗುಹಾಕುವವರ ಮೇಲೆ.

ತಮ್ಮ: ನಮ್ಮ ಕೆಲಸದ ಹುಡುಗರೂ ಅದನ್ನೇ ತಿನ್ನುತ್ತಾರೆ.

ಅಕ್ಕ: ಭಾನುವಾರ ಒಮ್ಮೆ ಅವರ ಬಾಯಿ ನೋಡು. ಟಾರ್ಚು ಹಿಡಿದು ಕೆನ್ನೆಯ ಒಳಗೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಮೂರು ಬೆರಳು ನಿಲ್ಲಿಸಿ ಇಡಲಾಗದ ಬಾಯಿ ಇದ್ದರೆ ಕಳಿಸಿಕೊಡು. ಆಮೇಲೆ ದವಡೆಯ ಕೆಳಗಿನಿಂದ ಕೊರಳೆಲುಬಿನವರೆಗೆ ಬೆರಳ ತುದಿಯಲ್ಲಿ ಒತ್ತಿ ನೋಡು. ಕೈ ಎಲ್ಲವನ್ನೂ ಹಿಡಿಯುವುದಿಲ್ಲ ಅಂತ ಇಷ್ಟು ಹೊತ್ತು ಹೇಳಿದೆ. ಹಿಡಿದದ್ದನ್ನು ಬಿಡಬಾರದು ಅನ್ನುವುದೂ ಅಷ್ಟೇ ಮುಖ್ಯ.

ತಮ್ಮ: ಸರಿ, ಮಾವನಿಗೆ ನಾಳೆ ಹೇಳುತ್ತೇನೆ. ಭುಜದ ಬಗ್ಗೆ ಕೇಳಿದರೆ ಏನು ಹೇಳಲಿ? ಮರ ಏರುವುದು ಬಿಟ್ಟರೂ ದೋಟಿ ಹಿಡಿಯುವುದು ಬಿಟ್ಟಿಲ್ಲ ಅವರು.

ಅಕ್ಕ: ನರ ಉಳಿಸಿದರೂ ಎರಡನೆಯ ಗುಂಪಿನ ಗ್ರಂಥಿ ತೆಗೆಯುವಾಗ ಅದನ್ನು ಸ್ವಲ್ಪ ಎಳೆಯಲೇಬೇಕಾಗುತ್ತದೆ. ಕೆಲವು ತಿಂಗಳು ತೋಳು ಎತ್ತುವುದು ಕಷ್ಟವಾಗಬಹುದು. ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ದಿನವೂ ಮಾಡಿದರೆ ಬಹುಪಾಲು ಮರಳಿ ಬರುತ್ತದೆ. ಮಾಡದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಇದನ್ನು ಅತ್ತೆಗೆ ಹೇಳು, ಮಾವನಿಗಿಂತ ಅವರು ನೆನಪಿಟ್ಟುಕೊಳ್ಳುತ್ತಾರೆ.

ತಮ್ಮ: ಮತ್ತೆ ರಿಪೋರ್ಟ್ ಬಂದ ಮೇಲೆ?

ಅಕ್ಕ: ಬಂದ ದಿನವೇ ಸರ್ಜನ್ ಹತ್ತಿರ ಹೋಗಬೇಕು. ರೇಡಿಯೇಷನ್ ಬೇಕು ಅಂತಾದರೆ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಅದಕ್ಕೆ ಮೊದಲು ಹಲ್ಲಿನ ಡಾಕ್ಟರನ್ನು ನೋಡಬೇಕು, ಮುಖಕ್ಕೆ ಅಚ್ಚು ಮಾಡಬೇಕು, ಇದಕ್ಕೆಲ್ಲ ದಿನ ಹಿಡಿಯುತ್ತದೆ. ಏನೂ ಬೇಡ ಅಂತಾದರೂ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಲೇಬೇಕು. ಮತ್ತೆ ಬರುವುದಾದರೆ ಬಹುಪಾಲು ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಮತ್ತೆ ಆ ಮೊದಲನೇ ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡ್, ಮೇಣದ ಬ್ಲಾಕ್ ಎರಡನ್ನೂ ಕೇಳಿ ತೆಗೆದುಕೋ, ರಶೀದಿ ತೋರಿಸಿದರೆ ಕೊಡುತ್ತಾರೆ. ಆಪರೇಷನ್ ಮಾಡುವ ಆಸ್ಪತ್ರೆಯವರು ಕೇಳಿಯೇ ಕೇಳುತ್ತಾರೆ. ಎಂಆರ್‌ಐ ಸಿಡಿಯನ್ನೂ ಚೀಲಕ್ಕೆ ಹಾಕು, ಬರೀ ಕಾಗದದ ರಿಪೋರ್ಟ್ ಸಾಲುವುದಿಲ್ಲ.